ಟೆಕ್ಸಸ್‌ನಲ್ಲಿ ಮನೆಯ ತೆರಿಗೆ ಮೌಲ್ಯಕ್ಕೆ ತಕರಾರು ಸಲ್ಲಿಸುವ ಬಗೆ: ಏಪ್ರಿಲ್ ನೋಟಿಸಿನಿಂದ ಮಂಡಳಿಯ ಆದೇಶದವರೆಗೆ

ಏಪ್ರಿಲ್ ತಿಂಗಳ ನಡುವಿನ ಹೊತ್ತಿಗೆ ಟೆಕ್ಸಸ್‌ನಲ್ಲಿ ಸ್ವಂತ ಮನೆಯಿರುವವರಿಗೆ ತಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥದು) ಅಪ್ರೈಸಲ್ ಡಿಸ್ಟ್ರಿಕ್ಟ್, ಅಂದರೆ ಆಸ್ತಿಗಳ ಮೌಲ್ಯ ಅಂದಾಜು ಮಾಡುವ ಕಚೇರಿಯಿಂದ, ಮನೆಯ ಮೌಲ್ಯ ತಿಳಿಸುವ ಒಂದು ನೋಟಿಸು ಬರುತ್ತದೆ. ‘ಇದು ಬಿಲ್ ಅಲ್ಲ’ ಎಂಬ ಮಾತು ಅದರ ಮೇಲೆಯೇ ಅಚ್ಚಾಗಿರುವುದರಿಂದ ನಮ್ಮವರಲ್ಲಿ ಅನೇಕರು ಅದನ್ನು ಜಾಹೀರಾತು ಕಾಗದಗಳ ಜೊತೆಗೆ ಒಂದು ಬದಿಗೆ ಇಟ್ಟುಬಿಡುತ್ತಾರೆ. ತೆರಿಗೆಯನ್ನು ಮನೆಸಾಲದ ಕಂಪನಿಯೇ, ತಿಂಗಳ ಕಂತಿನ ಜೊತೆ ತೆರಿಗೆಯ ಹಣ ಕೂಡಿಡುವ ಎಸ್ಕ್ರೋ ಖಾತೆಯಿಂದ ಕಟ್ಟುವುದರಿಂದ ಅಕ್ಟೋಬರಿನಲ್ಲಿ ಬಿಲ್ ಬಂದಾಗಲೂ ಗಮನ ಅತ್ತ ಹೋಗುವುದಿಲ್ಲ. ಎಸ್ಕ್ರೋದಲ್ಲಿ ಹಣ ಸಾಲದೆ ತಿಂಗಳ ಕಂತು ಇನ್ನೂರು ಮುನ್ನೂರು ಡಾಲರ್ ಏರಿದಾಗ ಮಾತ್ರ ‘ಇದೇಕೆ ಹೀಗಾಯಿತು’ ಎಂಬ ಪ್ರಶ್ನೆ ಏಳುತ್ತದೆ, ಆದರೆ ಅಷ್ಟರಲ್ಲಿ ಮೌಲ್ಯವನ್ನು ಪ್ರಶ್ನಿಸುವ ದಾರಿಗಳು ಬಹುಮಟ್ಟಿಗೆ ಮುಚ್ಚಿಹೋಗಿರುತ್ತವೆ. ಬಿಲ್ಲಿನ ಮೊತ್ತ ಅಕ್ಟೋಬರಿನಲ್ಲಿ ಹೊರಬಂದರೂ ನಿಮ್ಮ ಮಾತು ನಡೆಯುವ ಕಾಲ ಏಪ್ರಿಲ್ ಮತ್ತು ಮೇ ತಿಂಗಳು. ಈ ಲೇಖನ ಆ ಎರಡು ತಿಂಗಳುಗಳಲ್ಲಿ ಮತ್ತು ಅದರ ಬೆನ್ನಿಗೆ ಬರುವ ವಿಚಾರಣೆಯಲ್ಲಿ ಏನು ಮಾಡಬೇಕು ಎಂಬುದನ್ನು ಕುರಿತದ್ದು.

ಬೆಂಗಳೂರಿನಲ್ಲಿ ಮನೆಯ ವಿಸ್ತೀರ್ಣ, ವಲಯ, ಕಟ್ಟಡದ ವಯಸ್ಸು ಇವುಗಳನ್ನು ಹಿಡಿದು ಮಾಲೀಕನೇ ತೆರಿಗೆ ಲೆಕ್ಕ ಹಾಕಿ ಕಟ್ಟುವ ಸ್ವಯಂಘೋಷಣೆಯ ಪದ್ಧತಿಗೆ ಹೊಂದಿಕೊಂಡವರಿಗೆ ಇಲ್ಲಿಯ ಏರ್ಪಾಡು ಮೊದಲಿಗೆ ಗೊಂದಲ ತರುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆ, ನಗರ, ಕೌಂಟಿ, ಸಮುದಾಯ ಕಾಲೇಜು, ಆಸ್ಪತ್ರೆ ಇವುಗಳ ಖರ್ಚಿನ ದೊಡ್ಡ ಪಾಲು ಆಸ್ತಿ ತೆರಿಗೆಯಿಂದಲೇ ಬರಬೇಕು. ಇದಕ್ಕಾಗಿ ಅಪ್ರೈಸಲ್ ಡಿಸ್ಟ್ರಿಕ್ಟ್ ಪ್ರತಿಯೊಂದು ಆಸ್ತಿಗೂ ಆ ವರ್ಷದ ಜನವರಿ 1ರಂದು ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಬರುತ್ತಿತ್ತು ಎಂದು ಅಂದಾಜು ಮಾಡುತ್ತದೆ. ತೆರಿಗೆಯ ದರವನ್ನು ಶಾಲಾ ಮಂಡಳಿ, ನಗರ ಸಭೆ ಮೊದಲಾದವು ಬೇರೆಯಾಗಿ, ಸಾಮಾನ್ಯವಾಗಿ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ, ನಿರ್ಧರಿಸುತ್ತವೆ. ನೀವು ಪ್ರಶ್ನಿಸಬಹುದಾದದ್ದು ಮೌಲ್ಯವನ್ನೇ ಹೊರತು ದರವನ್ನಲ್ಲ. ಒಂದು ಕೌಂಟಿಯಲ್ಲಿ ಲಕ್ಷಗಟ್ಟಲೆ ಆಸ್ತಿಗಳಿರುವುದರಿಂದ ಅಂದಾಜನ್ನು ಕಂಪ್ಯೂಟರಿನ ಮಾದರಿಯೊಂದು ಬಡಾವಣೆಗೆ ಬಡಾವಣೆಯನ್ನೇ ಒಟ್ಟಾಗಿ ತೆಗೆದುಕೊಂಡು ಮಾಡುತ್ತದೆ. ನಿಮ್ಮ ಮನೆಯೊಳಗೆ ಯಾವ ಅಧಿಕಾರಿಯೂ ಕಾಲಿಟ್ಟಿರುವುದಿಲ್ಲ. ಹಿಂಬದಿಯ ಗೋಡೆಯ ಬಿರುಕು, ಹದಿನೆಂಟು ವರ್ಷದ ಹಳೆಯ ಅಡುಗೆಮನೆ, ಬೇಲಿಯಾಚೆಗಿನ ಹೆದ್ದಾರಿಯ ಸದ್ದು ಇವೊಂದೂ ಆ ಮಾದರಿಗೆ ತಿಳಿಯದು. ಆದ್ದರಿಂದಲೇ ತಕರಾರಿಗೆ ಕಾನೂನಿನಲ್ಲಿ ಜಾಗವಿದೆ, ಮತ್ತು ಆ ಜಾಗವನ್ನು ಬಳಸಿಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ನೋಟಿಸಿನಲ್ಲಿ ಮೊದಲು ನೋಡಬೇಕಾದದ್ದು

ನೋಟಿಸಿನಲ್ಲಿ ಎರಡು ಬೇರೆ ಬೇರೆ ಅಂಕಿಗಳಿರಬಹುದು. ಒಂದು ಮಾರ್ಕೆಟ್ ವ್ಯಾಲ್ಯೂ, ಅಂದರೆ ಮಾರುಕಟ್ಟೆ ಮೌಲ್ಯ. ಇನ್ನೊಂದು ಅಪ್ರೈಸ್ಡ್ ಅಥವಾ ಅಸೆಸ್ಡ್ ವ್ಯಾಲ್ಯೂ, ಅಂದರೆ ತೆರಿಗೆಗೆ ಆಧಾರವಾಗುವ ಮೌಲ್ಯ. ನೀವು ವಾಸವಿರುವ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ಸ್ವಂತ ವಾಸದ ಮನೆಯ ಮೌಲ್ಯದ ಒಂದು ಭಾಗವನ್ನು ತೆರಿಗೆಯಿಂದ ಬಿಡುವ ಸೌಲಭ್ಯ, ಪಡೆದಿದ್ದರೆ ಈ ಎರಡನೆಯ ಅಂಕಿ, ಹೊಸದಾಗಿ ಕಟ್ಟಿಸಿದ ಭಾಗವನ್ನು ಬಿಟ್ಟು, ಹಿಂದಿನ ವರ್ಷದ ಅದೇ ಅಂಕಿಗಿಂತ 10 ಶೇಕಡಾಕ್ಕಿಂತ ಹೆಚ್ಚು ಏರುವಂತಿಲ್ಲ. ಇದನ್ನೇ ಇಲ್ಲಿ ಎಲ್ಲರೂ ಕ್ಯಾಪ್ ಎನ್ನುವುದು. ಮನೆ ಹೋಮ್‌ಸ್ಟೆಡ್ ಎಂದು ಅರ್ಹವಾದ ಮೊದಲ ವರ್ಷದಲ್ಲಿ ಈ ರಕ್ಷಣೆ ಸಿಗುವುದಿಲ್ಲ, ಅದರ ಮುಂದಿನ ವರ್ಷದಿಂದ ಸಿಗುತ್ತದೆ.

ಕ್ಯಾಪ್ ಇರುವವರು ಇಲ್ಲಿ ಒಂದು ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಉದಾಹರಣೆಗೆ ಕಳೆದ ವರ್ಷ ನಿಮ್ಮ ತೆರಿಗೆಯ ಮೌಲ್ಯ 5 ಲಕ್ಷ ಡಾಲರ್ ಇತ್ತೆಂದುಕೊಳ್ಳಿ. ಈ ವರ್ಷ ಮಾರುಕಟ್ಟೆ ಮೌಲ್ಯ 6 ಲಕ್ಷ 20 ಸಾವಿರ ಎಂದು ಬರೆದಿದ್ದರೂ ತೆರಿಗೆ ಬೀಳುವುದು 5 ಲಕ್ಷ 50 ಸಾವಿರದ ಮೇಲೆ ಮಾತ್ರ. ನೀವು ಕಷ್ಟಪಟ್ಟು ಮಾರುಕಟ್ಟೆ ಮೌಲ್ಯವನ್ನು 5 ಲಕ್ಷ 75 ಸಾವಿರಕ್ಕೆ ಇಳಿಸಿದರೂ ಈ ವರ್ಷದ ಬಿಲ್ಲಿನಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ. 5 ಲಕ್ಷ 50 ಸಾವಿರಕ್ಕಿಂತ ಕೆಳಗೆ ಇಳಿದರೆ ಮಾತ್ರ ಪ್ರಯೋಜನ. ತಕರಾರಿನಲ್ಲಿ ಗೆದ್ದೆವೆಂದು ಸಂತೋಷಪಟ್ಟು ಆಮೇಲೆ ಬಿಲ್ ನೋಡಿ ಬೇಸರಪಟ್ಟವರನ್ನು ನಾನು ಬಲ್ಲೆ. ಹೀಗಾಗಿ ನಿಮ್ಮ ಗುರಿಯ ಅಂಕಿ ಯಾವುದು ಎಂಬುದನ್ನು ಕೆಲಸ ಶುರುಮಾಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಬಾಡಿಗೆಗೆ ಕೊಟ್ಟ ಎರಡನೆಯ ಮನೆಗೆ ಹೋಮ್‌ಸ್ಟೆಡ್ ಕ್ಯಾಪ್ ಅನ್ವಯಿಸುವುದಿಲ್ಲ. ಅಂಥ ಆಸ್ತಿಗಳಿಗಾಗಿ, ಮೌಲ್ಯ ಸುಮಾರು 50 ಲಕ್ಷ ಡಾಲರಿನೊಳಗೆ ಇದ್ದರೆ, 2024ರಿಂದ 2026ರವರೆಗಿನ ತೆರಿಗೆ ವರ್ಷಗಳಿಗೆ 20 ಶೇಕಡಾದ ಬೇರೊಂದು ಮಿತಿಯನ್ನು ತಂದಿದ್ದಾರೆ.

ಹೋಮ್‌ಸ್ಟೆಡ್ ವಿನಾಯಿತಿಗೆ ಇನ್ನೂ ಅರ್ಜಿ ಹಾಕದಿದ್ದರೆ ತಕರಾರಿಗಿಂತ ಮೊದಲು ಅದನ್ನು ಮಾಡಿ. ಅರ್ಜಿಯ ನಮೂನೆ 50-114, ಶುಲ್ಕ ಇಲ್ಲ, ಡ್ರೈವಿಂಗ್ ಲೈಸೆನ್ಸಿನಲ್ಲಿರುವ ವಿಳಾಸ ಮನೆಯ ವಿಳಾಸದೊಂದಿಗೆ ಹೊಂದಬೇಕು. ಶಾಲಾ ತೆರಿಗೆಗೆ ಸಂಬಂಧಿಸಿದ ಈ ವಿನಾಯಿತಿಯನ್ನು 2023ರಲ್ಲಿ 40 ಸಾವಿರದಿಂದ 1 ಲಕ್ಷ ಡಾಲರಿಗೂ, 2025ರ ನವೆಂಬರಿನ ಮತದಾನದ ಮೂಲಕ 1 ಲಕ್ಷ 40 ಸಾವಿರ ಡಾಲರಿಗೂ ಏರಿಸಲಾಗಿದೆ. ಕೆಲಸದ ವೀಸಾದ ಮೇಲೆ ಇರುವವರಿಗೆ ಇದು ಸಿಗದು ಎಂಬ ಮಾತು ನಮ್ಮವರ ನಡುವೆ ಹರಿದಾಡುತ್ತಿರುತ್ತದೆ, ಆದರೆ ಕಾನೂನು ಕೇಳುವುದು ಮನೆ ನಿಮ್ಮದೇ, ಅದೇ ನಿಮ್ಮ ಮುಖ್ಯ ವಾಸಸ್ಥಳ ಎಂಬುದನ್ನೇ ವಿನಾ ಪೌರತ್ವವನ್ನಲ್ಲ. ಹೆತ್ತವರ ಹೆಸರಿನಲ್ಲಿ ಮನೆಯಿದ್ದು ಅವರಿಗೆ 65 ದಾಟಿದ್ದರೆ ಇನ್ನೂ ಹೆಚ್ಚಿನ ವಿನಾಯಿತಿ ಇದೆ.

ಹೊಸ ಬಡಾವಣೆಗಳಲ್ಲಿ ಮನೆ ಕೊಂಡವರಿಗೆ ಒಂದು ಪ್ರತ್ಯೇಕ ಮಾತು. ಫ್ರಿಸ್ಕೋ, ಪ್ರಾಸ್ಪರ್, ಸೆಲೈನಾ, ಲಿಯಾಂಡರ್ ಮುಂತಾದ ಕಡೆ ಬಿಲ್ಡರಿನಿಂದ ನೇರವಾಗಿ ಮನೆ ಕೊಂಡವರ ಮೊದಲ ವರ್ಷದ ಬಿಲ್ ಬಹಳ ಕಡಿಮೆ ಬಂದಿರಬಹುದು, ಏಕೆಂದರೆ ಆ ವರ್ಷದ ಜನವರಿ 1ರಂದು ಅಲ್ಲಿ ಬರಿಯ ನಿವೇಶನವೋ ಅರ್ಧ ಎದ್ದ ಕಟ್ಟಡವೋ ಮಾತ್ರ ಇತ್ತು. ಎರಡನೆಯ ವರ್ಷ ಪೂರ್ತಿ ಮನೆಯ ಮೌಲ್ಯ ಒಮ್ಮೆಗೇ ಬರುತ್ತದೆ, ಅದನ್ನು ತಡೆಯುವ ಕ್ಯಾಪ್ ಇರುವುದಿಲ್ಲ. ತಕರಾರಿನಿಂದ ಅತಿ ಹೆಚ್ಚು ಲಾಭ ಸಿಗುವುದು ಇಂಥ ವರ್ಷದಲ್ಲಿಯೇ. ಮುಂದಿನ ಎಲ್ಲ ವರ್ಷಗಳ 10 ಶೇಕಡಾ ಏರಿಕೆಗೆ ಈ ವರ್ಷದ ಅಂಕಿಯೇ ಬುನಾದಿಯಾಗುವುದರಿಂದ ಈ ಒಂದು ವರ್ಷವನ್ನಂತೂ ಬಿಡಬೇಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಅರ್ಜಿ ಮತ್ತು ಗಡುವು

ಇಲ್ಲಿಯವರು ಪ್ರೊಟೆಸ್ಟ್ ಎನ್ನುವುದನ್ನು ನಮ್ಮ ತಾಲ್ಲೂಕು ಕಚೇರಿಯ ಭಾಷೆಯಲ್ಲಿ ತಕರಾರು ಅರ್ಜಿ ಎನ್ನಬಹುದು. ಅದರ ನಮೂನೆ 50-132. ಮೇ 15, ಅಥವಾ ನೋಟಿಸು ಕಳುಹಿಸಿದ ದಿನದಿಂದ 30 ದಿನ, ಇವೆರಡರಲ್ಲಿ ಯಾವುದು ತಡವೋ ಅದು ಕೊನೆಯ ದಿನ. ನಿಮಗೆ ಅನ್ವಯಿಸುವ ತಾರೀಖು ನೋಟಿಸಿನ ಮೇಲೆಯೇ ಇರುತ್ತದೆ. ದೊಡ್ಡ ಕೌಂಟಿಗಳಲ್ಲಿ ಅಂತರ್ಜಾಲದಲ್ಲೇ ಅರ್ಜಿ ಹಾಕಬಹುದು. ಹ್ಯಾರಿಸ್ ಕೌಂಟಿಯಲ್ಲಿ ಅದಕ್ಕೆ ಐಫೈಲ್ ಎಂದೂ ಡಾಲಸ್ ಕೌಂಟಿಯಲ್ಲಿ ಯೂಫೈಲ್ ಎಂದೂ ಹೆಸರು. ಅರ್ಜಿಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅರ್ಜಿಯ ಜೊತೆಗೇ ಪುರಾವೆ ಕೊಡಬೇಕೆಂಬ ನಿಯಮವೂ ಇಲ್ಲ. ಪುರಾವೆ ಆಮೇಲೆ ಹೊಂದಿಸಬಹುದು, ಗಡುವು ಮಾತ್ರ ತಪ್ಪಬಾರದು.

ಅರ್ಜಿಯಲ್ಲಿ ತಕರಾರಿನ ಕಾರಣಗಳಿಗೆ ಗುರುತು ಹಾಕುವ ಚೌಕಗಳಿವೆ. ಅವುಗಳಲ್ಲಿ ಎರಡಕ್ಕೆ ತಪ್ಪದೆ ಗುರುತು ಹಾಕಿ: ಮಾರುಕಟ್ಟೆ ಮೌಲ್ಯಕ್ಕಿಂತ ಹೆಚ್ಚು ಅಂದಾಜು ಮಾಡಲಾಗಿದೆ ಎಂಬುದು ಒಂದು, ಬೇರೆ ಆಸ್ತಿಗಳಿಗೆ ಹೋಲಿಸಿದರೆ ನನ್ನ ಆಸ್ತಿಯ ಮೌಲ್ಯ ಅಸಮಾನವಾಗಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಗುರುತು ಹಾಕಿದವರಿಗೆ ವಿಚಾರಣೆಯ ದಿನ ನೆರೆಮನೆಗಳ ಮೌಲ್ಯದ ಮಾತನ್ನು ಎತ್ತಲು ಅಡ್ಡಿ ಬರಬಹುದು. ಎರಡನೆಯ ಕಾರಣವೇ ಎಷ್ಟೋ ಸಲ ಹೆಚ್ಚು ಬಲವುಳ್ಳದ್ದು, ಅದರ ವಿವರ ಮುಂದೆ ಇದೆ.

ತಕರಾರು ಹಾಕಿದರೆ ಸಿಟ್ಟಿನಿಂದ ಮೌಲ್ಯವನ್ನು ಇನ್ನೂ ಏರಿಸಿಬಿಟ್ಟಾರು ಎಂಬ ಭಯ ಕೆಲವರಲ್ಲಿದೆ. 2019ರ ತೆರಿಗೆ ಸುಧಾರಣೆಯ ಕಾಯ್ದೆಯ ನಂತರ, ತಕರಾರಿನ ವಿಚಾರಣೆ ನಡೆಸುವ ಪರಿಶೀಲನಾ ಮಂಡಳಿಯು ದಾಖಲೆಯಲ್ಲಿರುವ ಮೌಲ್ಯಕ್ಕಿಂತ ಹೆಚ್ಚಿನದನ್ನು, ನೀವಾಗಿ ಕೇಳಿ ಒಪ್ಪದ ಹೊರತು, ನಿಗದಿ ಮಾಡುವಂತಿಲ್ಲ. ಅರ್ಜಿ ಹಾಕುವುದಕ್ಕೂ ವಲಸೆ ಇಲಾಖೆಗೂ ಸಂಬಂಧವಿಲ್ಲ. ಕಾನೂನು ಕೊಟ್ಟ ಹಕ್ಕನ್ನು ಕೇಳಿದ್ದಕ್ಕೆ ಹೆದರಿ ಕೂರಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಪುರಾವೆ ಹೊಂದಿಸುವುದು

ಕಚೇರಿಯ ಜಾಲತಾಣದಲ್ಲಿ ನಿಮ್ಮ ಮನೆಯ ದಾಖಲೆ ತೆರೆದು ಅದರಲ್ಲಿ ಬರೆದಿರುವುದು ನಿಜವೇ ಎಂದು ಸಾಲುಸಾಲಾಗಿ ನೋಡುವುದು ಮೊದಲ ಕೆಲಸ. ವಾಸದ ವಿಸ್ತೀರ್ಣ ಎಷ್ಟು ಚದರ ಅಡಿ, ಕಟ್ಟಿದ ವರ್ಷ, ಸ್ನಾನದ ಮನೆಗಳೆಷ್ಟು, ಈಜುಕೊಳ ಇದೆಯೇ, ಕಟ್ಟಡದ ದರ್ಜೆ ಮತ್ತು ಸ್ಥಿತಿಯನ್ನು ಹೇಗೆ ಗುರುತಿಸಿದ್ದಾರೆ ಎಂಬುದನ್ನೆಲ್ಲ ಪರಿಶೀಲಿಸಿ. ಎರಡಂತಸ್ತಿನ ಮನೆಗಳಲ್ಲಿ, ಕೆಳಗಿನ ಹಜಾರ ಮೇಲ್ಛಾವಣಿಯವರೆಗೆ ತೆರೆದಿದ್ದರೂ, ಮೇಲಂತಸ್ತನ್ನು ಪೂರ್ತಿ ಎಂದು ಎಣಿಸಿರುವ ತಪ್ಪು ಕಾಣಬಹುದು. ಬಿಲ್ಡರ್ ಕೊಟ್ಟ ನಕ್ಷೆ ಅಥವಾ ಮನೆ ಕೊಂಡಾಗ ಬ್ಯಾಂಕು ಮಾಡಿಸಿದ ಅಪ್ರೈಸಲ್ ವರದಿಯಲ್ಲಿ ಅಳತೆಯ ಚಿತ್ರ ಇರುತ್ತದೆ. ಅಂಥ ತಪ್ಪು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅದು ಅಭಿಪ್ರಾಯದ ಮಾತಲ್ಲ, ಅಳತೆಯ ಮಾತು.

ಮನೆಯನ್ನು ಇತ್ತೀಚೆಗೆ ಕೊಂಡಿದ್ದು, ನೋಟಿಸಿನಲ್ಲಿರುವ ಮೌಲ್ಯ ನೀವು ಕೊಟ್ಟ ಬೆಲೆಗಿಂತ ಹೆಚ್ಚಾಗಿದ್ದರೆ, ಖರೀದಿ ಮುಗಿದಾಗ ಕೊಡುವ ಲೆಕ್ಕಪತ್ರವಾದ ಕ್ಲೋಸಿಂಗ್ ಸ್ಟೇಟ್‌ಮೆಂಟ್‌ಗಿಂತ ಗಟ್ಟಿಯಾದ ಪುರಾವೆ ಬೇರೆ ಇಲ್ಲ. ಜನವರಿ 1ಕ್ಕೆ ಖರೀದಿ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಕೊಟ್ಟ ಬೆಲೆಯೇ ಹೆಚ್ಚಾಗಿದ್ದರೆ ಆ ಕಾಗದವನ್ನು ನೀವಾಗಿ ಮುಂದಿಡಬೇಕಿಲ್ಲ, ಅಸಮಾನತೆಯ ಕಾರಣವನ್ನು ಹಿಡಿಯಿರಿ. ಆದರೆ ಮಂಡಳಿಯ ಮುಂದೆ ಹೇಳುವುದು ಪ್ರಮಾಣ ಮಾಡಿ ಹೇಳುವ ಮಾತು. ಅಲ್ಲಿ ಸುಳ್ಳು ಹೇಳಬಾರದು.

ಟೆಕ್ಸಸ್‌ನ ವಿಶೇಷವೊಂದನ್ನು ಇಲ್ಲಿ ಹೇಳಬೇಕು. ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು ಈ ರಾಜ್ಯದಲ್ಲಿಲ್ಲ, ಆದ್ದರಿಂದ ಮಾರಾಟದ ಬೆಲೆಗಳು ಸಾರ್ವಜನಿಕ ದಾಖಲೆಯಲ್ಲಿ ಸಿಗುವುದಿಲ್ಲ. ಅವು ಮನೆ ಮಾರಾಟದ ದಲ್ಲಾಳಿಗಳಾದ ರಿಯಲ್ಟರ್‌ಗಳು ಬಳಸುವ ಎಮ್‌ಎಲ್‌ಎಸ್ ಎಂಬ ವ್ಯವಸ್ಥೆಯಲ್ಲಿರುತ್ತವೆ. ಮನೆ ಕೊಡಿಸಿದ ರಿಯಲ್ಟರನ್ನು ಕೇಳಿದರೆ ನಿಮ್ಮ ಬಡಾವಣೆಯಲ್ಲಿ ಜನವರಿ 1ಕ್ಕೆ ಹಿಂದಿನ ಆರೇಳು ತಿಂಗಳಲ್ಲಿ ಮಾರಾಟವಾದ ಮನೆಗಳ ಪಟ್ಟಿಯನ್ನು ಸಾಮಾನ್ಯವಾಗಿ ಸಂತೋಷದಿಂದಲೇ ಕೊಡುತ್ತಾರೆ. ಏಪ್ರಿಲಿನಲ್ಲಿ ಮಾರಾಟವಾದ ಮನೆಯ ಬೆಲೆ ಅಷ್ಟು ಪ್ರಯೋಜನಕ್ಕೆ ಬಾರದು, ಏಕೆಂದರೆ ನಿರ್ಣಯವಾಗಬೇಕಾದದ್ದು ಜನವರಿ 1ರ ಬೆಲೆ. ಜಾಲತಾಣಗಳು ತಾವಾಗಿ ತೋರಿಸುವ ಅಂದಾಜು ಬೆಲೆಯನ್ನು ಪುರಾವೆಯೆಂದು ಒಯ್ಯಬೇಡಿ, ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಅಸಮಾನತೆಯ ಕಾರಣಕ್ಕೆ ಮಾರಾಟದ ಬೆಲೆ ಬೇಕಾಗಿಯೇ ಇಲ್ಲ, ಕಚೇರಿಯು ನಿಮ್ಮ ನೆರೆಹೊರೆಯ ಮನೆಗಳಿಗೆ ಹಾಕಿರುವ ಮೌಲ್ಯವೇ ಸಾಕು. ಅದು ಎಲ್ಲರೂ ನೋಡಬಹುದಾದ ದಾಖಲೆ. ಹೋಲಿಕೆಗೆ ತಕ್ಕಷ್ಟು ಮನೆಗಳನ್ನು ಆರಿಸಿ, ವ್ಯತ್ಯಾಸಗಳಿಗೆ ಹೊಂದಾಣಿಕೆ ಮಾಡಿ, ಬಂದ ಮೌಲ್ಯಗಳ ಮಧ್ಯಾಂಕಕ್ಕಿಂತ ನಿಮ್ಮ ಮೌಲ್ಯ ಹೆಚ್ಚಾಗಿದ್ದರೆ ಅದನ್ನು ಇಳಿಸಬೇಕು ಎಂಬುದು ತೆರಿಗೆ ಸಂಹಿತೆಯ 41.43ನೆಯ ಕಲಮಿನ ತಾತ್ಪರ್ಯ. ಕೆಲಸ ಹೀಗೆ ನಡೆಯುತ್ತದೆ. ಕಚೇರಿಯ ದಾಖಲೆಯಲ್ಲಿ ನಿಮ್ಮದೇ ಬಡಾವಣೆಯ ಸಂಕೇತವಿರುವ, ನಿಮ್ಮ ಮನೆಯದೇ ದರ್ಜೆಯ, ವಯಸ್ಸಿನಲ್ಲಿಯೂ ವಿಸ್ತೀರ್ಣದಲ್ಲಿಯೂ ಹತ್ತಿರವಿರುವ ಐದರಿಂದ ಎಂಟು ಮನೆಗಳನ್ನು ಆರಿಸಿಕೊಳ್ಳಿ. ಕ್ಯಾಪಿನಿಂದ ಇಳಿದ ಅಂಕಿಯನ್ನಲ್ಲ, ಪ್ರತಿಯೊಂದರ ಮಾರುಕಟ್ಟೆ ಮೌಲ್ಯವನ್ನು ಬರೆದುಕೊಳ್ಳಿ. ಕ್ಯಾಪಿನ ಅಂಕಿಗಳನ್ನು ತೆಗೆದುಕೊಂಡು ಹೋಗಿ ಮೊದಲ ನಿಮಿಷದಲ್ಲೇ ವಾದ ಕಳೆದುಕೊಳ್ಳುವುದು ಹೊಸಬರು ಮಾಡುವ ತಪ್ಪು. ನಿಮ್ಮ ಮನೆ 2,600 ಚದರ ಅಡಿ, ನೋಟಿಸಿನ ಮೌಲ್ಯ 6 ಲಕ್ಷ 20 ಸಾವಿರ, ಕ್ಯಾಪ್ ಇಲ್ಲ ಎಂದುಕೊಳ್ಳಿ. ಹೋಲಿಕೆಯ ಒಂದು ಮನೆ 2,750 ಚದರ ಅಡಿ, ಅದರಲ್ಲಿ ಈಜುಕೊಳ ಇದೆ, ಮೌಲ್ಯ 6 ಲಕ್ಷ 10 ಸಾವಿರ. ಹೆಚ್ಚಿನ 150 ಚದರ ಅಡಿಗೆ ಅಡಿಗೆ 110 ಡಾಲರಿನಂತೆ 16,500 ಕಳೆಯಿರಿ, ಈಜುಕೊಳಕ್ಕೆ ಕಚೇರಿಯ ದಾಖಲೆಯಲ್ಲಿ 25,000 ಎಂದಿದ್ದರೆ ಅದನ್ನೂ ಕಳೆಯಿರಿ, ಉಳಿಯುವುದು 5,68,500. ಹೀಗೆ ಐದು ಮನೆಗಳಿಗೆ ಲೆಕ್ಕ ಹಾಕಿದಾಗ 5,62,000, 5,68,500, 5,78,000, 5,90,000, 6,05,000 ಎಂದು ಬಂದರೆ ನಡುವಿನದು 5,78,000. ನೀವು ಕೇಳಬೇಕಾದ ಅಂಕಿ ಅದೇ. ನಿಮ್ಮ ಎಲ್ಲ ತೆರಿಗೆಗಳ ಒಟ್ಟು ದರ 2 ಶೇಕಡಾ ಆಗಿದ್ದರೆ ಉಳಿತಾಯ ವರ್ಷಕ್ಕೆ ಸುಮಾರು 840 ಡಾಲರ್.

ಆಯ್ಕೆಯಲ್ಲಿ ಪ್ರಾಮಾಣಿಕವಾಗಿರಿ. ಕಡಿಮೆ ಮೌಲ್ಯದ ಐದನ್ನೇ ಹೆಕ್ಕಿ ತೆಗೆದು ಎದುರು ಮನೆಯನ್ನು ಬಿಟ್ಟಿದ್ದರೆ ಕಚೇರಿಯ ಅಧಿಕಾರಿ ಅದನ್ನೇ ಎತ್ತಿ ತೋರಿಸುತ್ತಾರೆ, ಆಗ ನಿಮ್ಮ ಉಳಿದ ಮಾತಿನ ಬೆಲೆಯೂ ಇಳಿಯುತ್ತದೆ.

ಇನ್ನು ಮನೆಯ ದೋಷಗಳು. ಡಾಲಸ್‌ನಿಂದ ಆಸ್ಟಿನ್‌ವರೆಗೆ ಹರಡಿರುವ ಕಪ್ಪು ನೆಲ ನಮ್ಮ ಗದಗ, ಧಾರವಾಡದ ಕಡೆಯ ಎರೆಮಣ್ಣಿನ ಜಾತಿಯದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕೂತ ಕಾಂಕ್ರೀಟ್ ಅಡಿಪಾಯ ಒಂದು ಕಡೆ ಕುಸಿದರೆ ಬಾಗಿಲುಗಳು ಹಾಕಿಕೊಳ್ಳುವುದಿಲ್ಲ, ಇಟ್ಟಿಗೆಯ ಗೋಡೆಯಲ್ಲಿ ಮೆಟ್ಟಿಲಿನಾಕಾರದ ಬಿರುಕು ಬರುತ್ತದೆ. ಅಡಿಪಾಯ ಎತ್ತಿ ಕೂರಿಸುವ ಕಂಪನಿಯ ಲಿಖಿತ ಅಂದಾಜು ಪಟ್ಟಿ, ಸಾಧ್ಯವಾದರೆ ಸ್ಟ್ರಕ್ಚರಲ್ ಎಂಜಿನಿಯರರ ವರದಿ, ಬಿರುಕಿನ ಫೋಟೋ ಇವು ಮೂರೂ ಇದ್ದರೆ ಮೌಲ್ಯ ಇಳಿಯುವ ಸಂಭವ ಹೆಚ್ಚು. ಆಲಿಕಲ್ಲಿಗೆ ಹಾಳಾದ ಚಾವಣಿಗೂ ಹೀಗೆಯೇ, ಆದರೆ ಹಾನಿ ಜನವರಿ 1ಕ್ಕೆ ಮೊದಲೇ ಆಗಿರಬೇಕು. ಏಪ್ರಿಲಿನ ಬಿರುಗಾಳಿಯ ಹಾನಿ ಆ ವರ್ಷದ ಮೌಲ್ಯಕ್ಕೆ ಲೆಕ್ಕವಿಲ್ಲ. ಹಳೆಯ ಕಾರ್ಪೆಟ್ಟು, ಮಾಸಿದ ಬಣ್ಣ ಇವನ್ನು ಉದ್ದಕ್ಕೆ ಹೇಳಬೇಡಿ. ದೊಡ್ಡ ರಸ್ತೆಗೋ ವಿದ್ಯುತ್ ಗೋಪುರಕ್ಕೋ ಮನೆ ಬೆನ್ನು ಹಾಕಿದ್ದರೆ ನಕ್ಷೆಯ ಮೇಲೆ ಗುರುತಿಸಿದ ಒಂದು ಚಿತ್ರ ಸಾಕು.

ಎದುರು ಪಕ್ಷದ ಕಾಗದಗಳನ್ನು ಕೇಳಿ ಪಡೆಯಿರಿ

ಬಹಳ ಮಂದಿಗೆ ತಿಳಿಯದ, ಆದರೆ ನನ್ನ ಅಭಿಪ್ರಾಯದಲ್ಲಿ ಈ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಉಪಯುಕ್ತವಾದ ಹಕ್ಕು ಇದು. ಕಚೇರಿಯು ವಿಚಾರಣೆಯಲ್ಲಿ ನಿಮ್ಮ ವಿರುದ್ಧ ಮಂಡಿಸಲಿರುವ ಅಂಕಿಅಂಶ, ಹೋಲಿಕೆಯ ಮನೆಗಳ ಪಟ್ಟಿ, ಸೂತ್ರ ಎಲ್ಲವನ್ನೂ ನೀವು ಬರವಣಿಗೆಯಲ್ಲಿ ಕೇಳಿದರೆ ವಿಚಾರಣೆಗೆ ಕನಿಷ್ಠ 14 ದಿನ ಮೊದಲು ಉಚಿತವಾಗಿ ಕೊಡಬೇಕು. ಕೇಳಿದರೂ ಕೊಡದಿದ್ದ ಕಾಗದವನ್ನು ವಿಚಾರಣೆಯಲ್ಲಿ ಬಳಸುವಂತಿಲ್ಲ. ಅರ್ಜಿ ಹಾಕಿದ ದಿನವೇ ಈ ಕೋರಿಕೆಯನ್ನೂ ಕಳುಹಿಸಿಬಿಡಿ.

ಆ ಕಟ್ಟು ಕೈಗೆ ಬಂದಾಗ ಅದರಲ್ಲಿ ಎರಡು ಸಂಗತಿ ಹುಡುಕಿ. ಅವರು ಆರಿಸಿದ ಮನೆಗಳಲ್ಲಿ ನಿಮ್ಮದಕ್ಕಿಂತ ಸ್ಪಷ್ಟವಾಗಿ ಮೇಲಾದವು ಯಾವುವು, ಹೊಸ ಅಡುಗೆಮನೆ, ಕೆರೆಯ ನೋಟ, ಬೇರೆಯ ಶಾಲಾ ವ್ಯಾಪ್ತಿ ಇಂಥವು. ಮತ್ತು ಪ್ರತಿ ಚದರ ಅಡಿಗೆ, ಈಜುಕೊಳಕ್ಕೆ, ವಯಸ್ಸಿಗೆ ಅವರು ಎಷ್ಟೆಷ್ಟು ಹೊಂದಾಣಿಕೆ ಮಾಡಿದ್ದಾರೆ. ಅದೇ ಅಂಕಿಗಳನ್ನು ನಿಮ್ಮ ಲೆಕ್ಕದಲ್ಲಿ ಬಳಸಿ. ತಾವೇ ಹಾಕಿದ ದರವನ್ನು ತಪ್ಪೆಂದು ಅವರು ಹೇಳಲಾರರು.

ಮಾತುಕತೆ, ಆಮೇಲೆ ಮಂಡಳಿ

ವಿಚಾರಣೆಗೆ ಮೊದಲು ಕಚೇರಿಯ ಅಧಿಕಾರಿಯೊಬ್ಬರ ಜೊತೆ ಅನೌಪಚಾರಿಕ ಮಾತುಕತೆಗೆ ಅವಕಾಶವಿರುತ್ತದೆ, ಕೆಲವು ಕೌಂಟಿಗಳಲ್ಲಿ ಅಂತರ್ಜಾಲದಲ್ಲೇ ಒಂದು ಅಂಕಿಯನ್ನು ಮುಂದಿಡುತ್ತಾರೆ. ಎಷ್ಟೋ ತಕರಾರುಗಳು ಇಲ್ಲೇ ಮುಗಿಯುತ್ತವೆ. ನಿಮ್ಮ ಸಾರಾಂಶದ ಒಂದು ಪುಟವನ್ನು ಮುಂದಿಟ್ಟು, ಕೇಳುವ ಅಂಕಿಯನ್ನು ಮೊದಲ ವಾಕ್ಯದಲ್ಲೇ ಹೇಳಿ, ವಿನಯದಿಂದ ವಿವರಿಸಿ. ಒಂದು ಎಚ್ಚರಿಕೆ: ಅವರು ಹೇಳಿದ ಅಂಕಿಗೆ ಒಪ್ಪಿ ಸಹಿ ಹಾಕಿದರೆ ಅಥವಾ ತೆರೆಯ ಮೇಲೆ ಒಪ್ಪಿಗೆಯ ಗುಂಡಿ ಒತ್ತಿದರೆ ಆ ವರ್ಷದ ಮಟ್ಟಿಗೆ ಅದೇ ಕೊನೆ. ಮತ್ತೆ ಮಂಡಳಿಗೆ ಹೋಗಲಾಗದು. ಗುರಿಯ ಅಂಕಿಗೆ ಹತ್ತಿರವಿದ್ದರೆ ಒಪ್ಪಿಕೊಳ್ಳಿ. ಕ್ಯಾಪಿಗಿಂತ ಮೇಲೆಯೇ ನಿಲ್ಲುವ ಇಳಿಕೆಯಾಗಿದ್ದರೆ ಒಪ್ಪುವ ಮುನ್ನ ಮೊದಲು ಬರೆದಿಟ್ಟ ಲೆಕ್ಕವನ್ನು ಇನ್ನೊಮ್ಮೆ ನೋಡಿ.

ಒಪ್ಪಂದವಾಗದಿದ್ದರೆ ಅಪ್ರೈಸಲ್ ರಿವ್ಯೂ ಬೋರ್ಡ್, ಅಂದರೆ ಪರಿಶೀಲನಾ ಮಂಡಳಿಯ ವಿಚಾರಣೆ. ಇದರ ಸದಸ್ಯರು ಅಪ್ರೈಸಲ್ ಕಚೇರಿಯ ನೌಕರರಲ್ಲ, ಅದೇ ಕೌಂಟಿಯ ನಿವಾಸಿಗಳು. ಸಾಮಾನ್ಯವಾಗಿ ಮೂವರು ಕುಳಿತಿರುತ್ತಾರೆ. ದೊಡ್ಡ ಕೌಂಟಿಗಳಲ್ಲಿ ಒಂದು ಪ್ರಕರಣಕ್ಕೆ ಸಿಗುವುದು ಹದಿನೈದು ನಿಮಿಷದ ಆಸುಪಾಸು. ಮೌಲ್ಯ ಸರಿಯೆಂದು ರುಜುವಾತು ಮಾಡುವ ಹೊಣೆ ಕಚೇರಿಯದೇ, ನಿಮ್ಮದಲ್ಲ. ಮೌಲ್ಯ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಕಡಿಮೆಯಿರುವ ಮನೆಗೆ ಪ್ರಮಾಣಿತ ಅಪ್ರೈಸರರ ವರದಿಯನ್ನು ವಿಚಾರಣೆಗೆ 14 ದಿನ ಮೊದಲೇ ಸಲ್ಲಿಸಿದರೆ ಆ ಹೊಣೆಯ ಮಟ್ಟ ಇನ್ನೂ ಏರುತ್ತದೆ, ಆದರೆ ವರದಿಗೆ ನೂರಾರು ಡಾಲರ್ ಖರ್ಚಾಗುವುದರಿಂದ ಎಲ್ಲರಿಗೂ ಅದು ಬೇಕಾಗದು.

ಸಾರಾಂಶದ ಪುಟ, ಹೋಲಿಕೆಯ ಪಟ್ಟಿ, ಫೋಟೋ, ಅಂದಾಜು ಪಟ್ಟಿ ಈ ಕ್ರಮದಲ್ಲಿ ಪುಟಸಂಖ್ಯೆ ಹಾಕಿ, ಮಂಡಳಿಯ ಮೂವರಿಗೆ, ಕಚೇರಿಯ ಅಧಿಕಾರಿಗೆ ಮತ್ತು ನಿಮಗೆ ಎಂದು ಐದು ಪ್ರತಿ ಮಾಡಿಸಿ. ಫೋನಿನಲ್ಲಿ ಮಾತ್ರ ಫೋಟೋ ಇಟ್ಟುಕೊಂಡು ಹೋಗಬೇಡಿ. ತೆರಿಗೆ ಭಾರವಾಗಿದೆ, ಕೆಲಸ ಹೋಗಿದೆ, ಒಂದೇ ವರ್ಷಕ್ಕೆ ಇಷ್ಟು ಏರಿಸುವುದು ಅನ್ಯಾಯ ಎಂಬ ಮಾತುಗಳು ಎಷ್ಟೇ ನಿಜವಾದರೂ ಅವನ್ನು ಆಧರಿಸಿ ತೀರ್ಪು ಕೊಡುವ ಅಧಿಕಾರ ಮಂಡಳಿಗಿಲ್ಲ. ಇರುವ ಹದಿನೈದು ನಿಮಿಷವನ್ನು ಅದಕ್ಕೆ ಕೊಡಬೇಡಿ. ‘ಜನವರಿ 1ರಂದು ನನ್ನ ಮನೆಯ ಮೌಲ್ಯ 5,78,000 ಡಾಲರ್, ಆಧಾರಗಳು ಎರಡನೆಯ ಪುಟದಲ್ಲಿವೆ’ ಎಂದು ಆರಂಭಿಸಿದವರ ಮಾತಿಗೆ ಸದಸ್ಯರು ಕೂಡಲೇ ಗಮನ ಕೊಡುತ್ತಾರೆ. ಇಂಗ್ಲಿಷಿನ ಉಚ್ಚಾರಣೆಯ ಬಗ್ಗೆ ಅಳುಕು ಬೇಡ, ಪುಟದ ಮೇಲಿನ ಅಂಕಿಗಳನ್ನು ಓದಿ ಹೇಳಿದರೆ ಸಾಕು.

ಬೇಸಿಗೆ ರಜೆಗೆ ಊರಿಗೆ ಹೋಗುವವರು

ಮೇ ಕೊನೆಯಲ್ಲಿ ಶಾಲೆ ಮುಗಿಯುತ್ತಲೇ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ವಿಮಾನ ಹತ್ತುವುದು ನಮ್ಮ ರೂಢಿ, ವಿಚಾರಣೆಗಳು ನಡೆಯುವುದೂ ಹೆಚ್ಚಾಗಿ ಜೂನ್, ಜುಲೈಯಲ್ಲೇ. ಹಾಜರಾಗದಿದ್ದರೆ ತಕರಾರು ವಜಾ ಆಗಬಹುದು. ಇದಕ್ಕೆ ಕಾನೂನಿನಲ್ಲಿ ಪರಿಹಾರಗಳಿವೆ. ನಿಮ್ಮ ಪರವಾಗಿ ಏಜೆಂಟರನ್ನು ನೇಮಿಸದಿದ್ದರೆ ವಿಚಾರಣೆಯ ದಿನಕ್ಕೆ ಮೊದಲು ಕೇಳಿ ಒಂದು ಬಾರಿ ಕಾರಣ ಹೇಳದೆಯೇ ಮುಂದೂಡಿಸಿಕೊಳ್ಳಬಹುದು. ಫೋನ್ ಅಥವಾ ವಿಡಿಯೋ ಮೂಲಕ ವಿಚಾರಣೆ ಬೇಕೆಂದು ಕನಿಷ್ಠ 10 ದಿನ ಮೊದಲು ಬರೆದು ತಿಳಿಸಬಹುದು, ಆಗ ಪುರಾವೆಗಳನ್ನು ಅಫಿಡವಿಟ್ ಜೊತೆ ಮುಂಚಿತವಾಗಿ ಸಲ್ಲಿಸಬೇಕು. ಬರಿಯ ಅಫಿಡವಿಟ್ ಕಳುಹಿಸಿ ಗೈರುಹಾಜರಾಗುವುದಕ್ಕೂ ಅವಕಾಶವಿದೆ, ಆದರೆ ಅಧಿಕಾರಿ ಎತ್ತುವ ಆಕ್ಷೇಪಕ್ಕೆ ಉತ್ತರಿಸಲು ಆಗ ಯಾರೂ ಇರುವುದಿಲ್ಲ. ಅಫಿಡವಿಟ್‌ಗೆ ನೋಟರಿಯ ಮುಂದೆ ಸಹಿಯಾಗಬೇಕಾಗಬಹುದು, ಅದನ್ನು ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ. ವಿಚಾರಣೆಯ ನೋಟಿಸು 15 ದಿನ ಮೊದಲು ಬರುವುದರಿಂದ ಅಂಚೆಯನ್ನು ನೋಡಿಕೊಳ್ಳುವಂತೆ ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಹೇಳಿಹೋಗಿ.

ಆದೇಶ ಬಂದ ಮೇಲೆ

ಮಂಡಳಿಯ ಲಿಖಿತ ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 60 ದಿನಗಳೊಳಗೆ ಮಧ್ಯಸ್ಥಿಕೆಗೆ, ಇಲ್ಲವೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ವಾಸದ ಮನೆಯವರಿಗೆ ಮಧ್ಯಸ್ಥಿಕೆಯೇ ಸರಳ. ಠೇವಣಿ 450 ಅಥವಾ 500 ಡಾಲರ್, ಮೌಲ್ಯ 5 ಲಕ್ಷಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದರ ಮೇಲೆ. ಮಧ್ಯಸ್ಥರ ನಿರ್ಣಯ ನೀವು ಹೇಳಿದ ಅಂಕಿಗೆ ಹತ್ತಿರವಾದರೆ 50 ಡಾಲರ್ ಉಳಿಸಿಕೊಂಡು ಮಿಕ್ಕದ್ದನ್ನು ಮರಳಿಸುತ್ತಾರೆ. ಅರ್ಜಿಯಲ್ಲಿ ಅತಿ ಕಡಿಮೆ ಅಂಕಿ ಬರೆದರೆ ಠೇವಣಿ ಹೋಗುತ್ತದೆ ಎಂಬುದು ಇದರಿಂದಲೇ ಸ್ಪಷ್ಟ. ವಿವಾದ ನಡೆಯುತ್ತಿದ್ದರೂ ವಿವಾದವಿಲ್ಲದ ಭಾಗದ ತೆರಿಗೆಯನ್ನು ಜನವರಿ 31ರೊಳಗೆ ಕಟ್ಟಲೇಬೇಕು, ಇಲ್ಲವಾದರೆ ಮೇಲ್ಮನವಿಯ ಹಕ್ಕೇ ಹೋಗುತ್ತದೆ.

ಉಳಿತಾಯದಲ್ಲಿ ಪಾಲು ತೆಗೆದುಕೊಂಡು ತಕರಾರು ನಡೆಸಿಕೊಡುವ ಕಂಪನಿಗಳೂ ಇವೆ. ಸಮಯವೇ ಇಲ್ಲದವರಿಗೆ, ಬೇರೆ ಊರಿನಲ್ಲಿ ಬಾಡಿಗೆ ಮನೆಯಿರುವವರಿಗೆ ಅವು ಅನುಕೂಲ. ಸಹಿ ಹಾಕುವ ಮುನ್ನ ಅವರ ಪಾಲು ಎಷ್ಟು ಶೇಕಡಾ, ಕ್ಯಾಪಿನಿಂದಾಗಿ ನಿಮ್ಮ ಬಿಲ್ ಇಳಿಯದಿದ್ದರೂ ಶುಲ್ಕ ಕೇಳುತ್ತಾರೆಯೇ, ಒಪ್ಪಂದ ಪ್ರತಿವರ್ಷ ತಾನಾಗಿ ಮುಂದುವರಿಯುತ್ತದೆಯೇ ಎಂಬ ಮೂರನ್ನು ಕೇಳಿ ತಿಳಿಯಿರಿ. ಮೊದಲ ವರ್ಷ ಸ್ವತಃ ಮಾಡಿ ನೋಡುವುದು ಒಳ್ಳೆಯದೆಂದು ನನ್ನ ಭಾವನೆ, ಏಕೆಂದರೆ ಎರಡು ಸಂಜೆಗಳ ಕೆಲಸದಲ್ಲಿ ನಿಮ್ಮ ಮನೆಯ ದಾಖಲೆ ನಿಮಗೇ ಪೂರ್ತಿ ತಿಳಿಯುತ್ತದೆ.

ಮೌಲ್ಯ ಇಳಿದಿದ್ದರೆ ಆದೇಶದ ಪ್ರತಿಯನ್ನು ಮನೆಯ ಪತ್ರಗಳ ಜೊತೆ ಇಡಿ. ತಕರಾರಿನಲ್ಲಿ ಇಳಿದ ಮೌಲ್ಯವನ್ನು ಮರುವರ್ಷ ಏರಿಸಬೇಕಾದರೆ ಕಚೇರಿಯ ಬಳಿ ಸ್ಪಷ್ಟ ಮತ್ತು ಮನದಟ್ಟಾಗುವ ಪುರಾವೆ ಇರಬೇಕೆಂದು ಕಾನೂನು ಹೇಳುತ್ತದೆ. ಮುಂದಿನ ಏಪ್ರಿಲಿನಲ್ಲಿ ನೋಟಿಸಿನ ಅಂಕಿ ಮತ್ತೆ ಏರಿ ಬಂದರೆ ನಿಮ್ಮ ಕಡತದ ಮೊದಲ ಪುಟವಾಗಿ ಆ ಆದೇಶವನ್ನೇ ಇಟ್ಟುಕೊಂಡು ಹೋಗಬಹುದು.